ಅಜ್ಜಂಪುರದ ಹೆಂಚಿನ ಮೇಲಿನ 1865: ಘಟ್ಟದ ಕೆಳಗಿನ ಒಂದು ಲೂಥರನ್ ಸಭೆಯ ಜಾಡು ಹಿಡಿದು

ಈ ಸಲ ಶಾಸನಕ್ಕೆ ಕಲ್ಲಿಲ್ಲ, ತಾಮ್ರಪಟವೂ ಇಲ್ಲ. ಇರೋದು ಒಂದು ಹೆಂಚು.

ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಪರಿಚಯದವರ ಹಳೇ ಮನೆಯ ಮಾಡು ಬಿಚ್ಚುತ್ತಿದ್ದರು. ವೀರಗಲ್ಲು ನೋಡೋಕೆ ಅಂತ ಆ ಕಡೆ ಹೋಗಿದ್ದ ನನ್ನನ್ನು ಕರೆದು, "ಸಾರ್, ನೀವು ಅಕ್ಷರ ಓದ್ತೀರಲ್ಲ, ಇದನ್ನೂ ನೋಡಿ" ಅಂತ ಒಂದು ಹೆಂಚು ಕೈಗಿಟ್ಟರು. ಹಿಂಬದಿಯಲ್ಲಿ ಉಬ್ಬಕ್ಷರದಲ್ಲಿ ಇಂಗ್ಲಿಷಿನಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್’, ಜೊತೆಗೆ ‘1865’. ಅಕ್ಷರ ಓದೋದೇನೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಸುತ್ತ ನಿಂತವರ ಮಾತಿಗೆ ಉತ್ತರ ಹೇಳೋದು. ಒಬ್ಬರು, "ಹಾಗಾದ್ರೆ ನಮ್ಮ ಮನೆ 1865ರದ್ದು" ಅಂದರು. ಇನ್ನೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಬಾಸೆಲ್ ಮಿಷನ್ ಅಂದ್ರೆ ಲೂಥರನ್ ಚರ್ಚ್‌ನವರು. ಆ ಕಾಲದಲ್ಲಿ ಇಲ್ಲೆಲ್ಲೋ ಅವರ ಸಭೆ ಇದ್ದಿರಬೇಕು" ಅಂದರು. ಹದಿನೈದು ನಿಮಿಷದಲ್ಲಿ ಒಂದು ಹೆಂಚಿನಿಂದ ಒಂದು ಸ್ಥಳಪುರಾಣ ಹುಟ್ಟಿಬಿಟ್ಟಿತ್ತು.

ನಾನು ನಗೋ ಹಾಗಿರಲಿಲ್ಲ. ಶಾಸನದ ಹುಚ್ಚು ಹತ್ತಿದ ಹೊಸತರಲ್ಲಿ ನಾನೂ ಇಂಥದ್ದೇ ಒಂದು ಹೆಂಚಿನ ಫೋಟೋ ತೆಗೆದು "1865ರ ಹೆಂಚು" ಅಂತ ಹೆಮ್ಮೆಯಿಂದ ಹಾಕಿದ್ದೆ. ತಪ್ಪು ಎಲ್ಲಿತ್ತು, ಸರಿಯಾದ ಓದು ಯಾವುದು, ಆ ಹೆಂಚಿನ ಹಿಂದಿದ್ದ ಜನ ಯಾರು ಅನ್ನೋದನ್ನು ಇವತ್ತು ನೋಡೋಣ.

ಮೊದಲು ಕಾಲನಿರ್ಣಯ

ಶಾಸನದಲ್ಲಿ ಒಂದು ಶಕವರ್ಷ ಕಂಡ ಕೂಡಲೇ ಅದು ಕಲ್ಲು ಕೆತ್ತಿದ ವರ್ಷ ಅಂತ ತೀರ್ಮಾನಿಸಬಾರದು ಅಂತ ನಮಗೆಲ್ಲ ಗೊತ್ತು. ದಾನ ಕೊಟ್ಟ ದಿನ ಒಂದಿರಬಹುದು, ಕಲ್ಲು ನಿಲ್ಲಿಸಿದ ದಿನ ಇನ್ನೊಂದು, ಹಳೇ ಶಾಸನವನ್ನು ಪ್ರತಿ ಮಾಡಿ ಮತ್ತೆ ಬರೆಸಿದ್ದು ಮತ್ತೊಂದು. ಹೆಂಚಿನಲ್ಲೂ ಹಾಗೇ. 1865 ಅನ್ನೋದು ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣು ನಂಬಿಕೊಂಡು ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಅಚ್ಚಿನಲ್ಲಿ ಆ ವರ್ಷವನ್ನು ಕೊರೆದರೆ ಆಮೇಲೆ ಹೊರಬರುವ ಪ್ರತಿ ಹೆಂಚಿನ ಮೇಲೂ ಅದೇ ವರ್ಷ ಬೀಳುತ್ತೆ. ಅಂಗಡಿ ಬೋರ್ಡಿನಲ್ಲಿ ‘ಸ್ಥಾಪನೆ’ ಅಂತ ಬರೆಯೋ ಹಾಗೆ. ಮಂಗಳೂರಿನ ಆಲ್ಬುಕರ್ಕ್ ಅವರ ಹೆಂಚುಗಳಲ್ಲಿ ಕಾಣುವ 1868 ಕೂಡ ಅಂಥದ್ದೇ.

ಹಾಗಾದರೆ ಹೆಂಚಿನ ಕಾಲ ಹೇಳೋಕೆ ಆಗೋದೇ ಇಲ್ವಾ? ಆಗುತ್ತೆ, ಆದರೆ ಎರಡು ಗಡಿಗಳ ನಡುವೆ. ಕೆಳಗಿನ ಗಡಿ 1865. ಅದಕ್ಕಿಂತ ಹಿಂದೆ ಈ ಹೆಂಚು ಇರೋ ಸಾಧ್ಯತೆಯೇ ಇಲ್ಲ. ಮೇಲಿನ ಗಡಿ ಮೊದಲನೇ ಮಹಾಯುದ್ಧ. 1914ರಲ್ಲಿ ಯುದ್ಧ ಶುರುವಾದ ಮೇಲೆ ಮಿಷನ್ನಿನ ಜರ್ಮನ್ ಪ್ರಜೆಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಅವರ ವ್ಯಾಪಾರ, ಕಾರ್ಖಾನೆಗಳು ಕೈಬಿಟ್ಟು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ ಪಾಲಾದವು. ಆದ್ದರಿಂದ ‘ಕಾಮನ್‌ವೆಲ್ತ್’ ಅಂತ ಇರುವ ಹೆಂಚು ಯುದ್ಧದ ನಂತರದ್ದು. ‘ಬಾಸೆಲ್ ಮಿಷನ್’ ಅಂತ ಇರುವ ಹೆಂಚು ಸುಮಾರಾಗಿ ಈ ಐವತ್ತು ವರ್ಷದ ಅವಧಿಯದ್ದು. ಇನ್ನು ಮನೆ? ಹೆಂಚು ಮನೆಗಿಂತ ಹೊಸದೂ ಇರಬಹುದು, ಹಳೇದೂ ಇರಬಹುದು. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಗಳು, ಬೇರೆ ಮನೆ ಬಿಚ್ಚಿದ ಹೆಂಚು ತಂದು ಹೊದಿಸಿದ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಹೆಂಚು ಒಂದೇ ಸಾಕ್ಷಿಯಾದರೆ ಮನೆಯ ಬಗ್ಗೆ ಸುಮ್ಮನಿರೋದೇ ಒಳ್ಳೇದು.

ಮಂಗಳೂರು ಹೆಂಚು ಯಾಕೆ ಘಟ್ಟ ಹತ್ತಿ ಬಂತು ಅನ್ನೋದಕ್ಕೆ ಎಂಜಿನಿಯರ್ ಕಣ್ಣಿಗೆ ಕಾಣೋ ಕಾರಣ ಸರಳ. ನಾಡಹೆಂಚನ್ನು ಒಂದರ ಮೇಲೊಂದು ಪದರವಾಗಿ ಪೇರಿಸಬೇಕು. ಕೋತಿ ಓಡಾಡಿದರೆ ಸರಿಯುತ್ತೆ, ಪ್ರತಿ ಮಳೆಗಾಲಕ್ಕೆ ಮೊದಲು ಕೈಯಾಡಿಸಬೇಕು. ಯಂತ್ರದಲ್ಲಿ ಒತ್ತಿದ ಈ ಹೆಂಚಿಗೆ ಅಂಚಿನಲ್ಲಿ ತೋಡು ಇದೆ, ಅಡಿಯಲ್ಲಿ ಗುಬುಟು ಇದೆ. ಒಂದು ಇನ್ನೊಂದನ್ನು ಕಚ್ಚಿಕೊಂಡು, ರೀಪಿಗೆ ತಗುಲಿಕೊಂಡು ಕೂರುತ್ತೆ. ಇದನ್ನು ಕೊಳ್ಳೋಕೆ ಯಾರೂ ಯಾವ ಸಭೆಗೂ ಸೇರಬೇಕಾಗಿರಲಿಲ್ಲ. ಅಂದರೆ ಅಜ್ಜಂಪುರದ ಮಾಡಿನ ಮೇಲಿನ ಹೆಂಚು ಅಜ್ಜಂಪುರದಲ್ಲಿ ಸಭೆ ಇತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ. ರೋಮಿನ ನಾಣ್ಯ ಸಿಕ್ಕಿದ ಊರಲ್ಲೆಲ್ಲ ರೋಮನ್ನರು ವಾಸ ಮಾಡಿರಲಿಲ್ಲವಲ್ಲ!

ಮಿಷನ್ನುಗಳ ನಾಡುಗಡಿ

ಇನ್ನು ಎರಡನೇ ಮಾತು: ಲೂಥರನ್ ಸಭೆ. ಹೊಯ್ಸಳ ಸಾಮಂತರ ನಾಡುಗಳಿಗೆ ಗಡಿ ಇದ್ದ ಹಾಗೆ 19ನೇ ಶತಮಾನದ ಪ್ರೊಟೆಸ್ಟೆಂಟ್ ಮಿಷನ್ನುಗಳಿಗೂ ಗಡಿಗಳಿದ್ದವು. ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಪೈಪೋಟಿಗೆ ಇಳಿಯಬಾರದು ಅನ್ನೋ ಹೊಂದಾಣಿಕೆ. ಬಳ್ಳಾರಿ, ಬೆಂಗಳೂರಿನಲ್ಲಿ ಲಂಡನ್ ಮಿಷನ್. ಮೈಸೂರು ಸಂಸ್ಥಾನದ ಬಹುಭಾಗದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಕರಾವಳಿ, ಧಾರವಾಡ–ಹುಬ್ಬಳ್ಳಿ–ಬೆಟಗೇರಿ, ಕೊಡಗು ಈ ಕಡೆ ಬಾಸೆಲ್ ಮಿಷನ್. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಮೈಸೂರು ಸಂಸ್ಥಾನದೊಳಗಿನ ಊರುಗಳು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಹೆಸರೇ ಕಡೂರು ಜಿಲ್ಲೆ. ಹಾಗಾಗಿ ಆ ಕಾಲದ ಲೂಥರನ್ ಬೇರು ಹುಡುಕಬೇಕಾದರೆ ಘಟ್ಟ ಇಳಿಯಲೇಬೇಕು.

ಇಳಿಯೋ ಮುಂಚೆ ಒಂದು ಮಾತು. ನಮ್ಮ ಸೀಮೆಯ ಶಾಸನಗಳು ಲೋಕಕ್ಕೆ ಗೊತ್ತಾದದ್ದೂ ಒಂದು ಮಿಷನ್ ಮನೆಯ ಹುಡುಗನಿಂದಲೇ. ಬಿ. ಎಲ್. ರೈಸ್ ಹುಟ್ಟಿದ್ದು 1837ರಲ್ಲಿ ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಎಪಿಗ್ರಾಫಿಯ ಕರ್ನಾಟಿಕದ ಆರನೇ ಸಂಪುಟ, ಕಡೂರು ಜಿಲ್ಲೆಯದ್ದು, 1901ರಲ್ಲಿ ಹೊರಬಂತು. ಕಡೂರಿನ ಪಾಂಬಬ್ಬೆಯ ಕಂಬ, ಅಮೃತಾಪುರದ ಅಮೃತೇಶ್ವರದ ಶಾಸನ, ಆಸಂದಿಯ ಶಾಸನಗಳು ಎಲ್ಲವನ್ನೂ ನಾವು ಇವತ್ತಿಗೂ ಹುಡುಕೋದು ಆ ಸಂಪುಟದ ನಂಬರಿನಿಂದಲೇ. ಇದನ್ನು ಯಾಕೆ ಹೇಳಿದೆ ಅಂದರೆ, ಮಿಷನ್ನಿನ ಚರಿತ್ರೆ ಬೇರೆ, ಶಾಸನದ ಚರಿತ್ರೆ ಬೇರೆ ಅಂತ ಎರಡು ಪೆಟ್ಟಿಗೆ ಮಾಡಿಟ್ಟುಕೊಂಡರೆ ಎರಡೂ ಅರ್ಧರ್ಧ ಅರ್ಥವಾಗುತ್ತೆ.

ಬಾಸೆಲ್ ಮಿಷನ್ ಲೂಥರನ್ನೇ?

ಹೌದು ಮತ್ತು ಅಲ್ಲ. ಬಾಸೆಲ್ ಸ್ವಿಟ್ಜರ್‌ಲೆಂಡಿನ ಊರು. ಅಲ್ಲಿನ ಚರ್ಚ್ ಲೂಥರನ ಪಂಗಡದ್ದಲ್ಲ, ರಿಫಾರ್ಮ್ಡ್ ಪಂಗಡದ್ದು. ಆದರೆ 1815ರಲ್ಲಿ ಅಲ್ಲಿ ಹುಟ್ಟಿದ ಮಿಷನ್ ಸಂಸ್ಥೆಗೆ ಬಂದು ಸೇರಿದ ಹುಡುಗರಲ್ಲಿ ದೊಡ್ಡ ಪಾಲು ಪಕ್ಕದ ಜರ್ಮನ್ ಸೀಮೆ ವ್ಯೂರ್ಟೆಂಬರ್ಗಿನವರು, ಲೂಥರನ್ ಮನೆಗಳವರು. ಭಕ್ತಿಗೆ ಒತ್ತು ಕೊಡುವ ಪಿಯೆಟಿಸ್ಟ್ ಅನ್ನೋ ಪಂಥ ಅಲ್ಲಿ ಬಲವಾಗಿತ್ತು. ಹೀಗೆ ಸಂಸ್ಥೆ ಎರಡು ಪಂಗಡದ ನಡುವಿನದ್ದು, ಜನ ಹೆಚ್ಚಾಗಿ ಲೂಥರನ್ ಹಿನ್ನೆಲೆಯವರು. ನಮ್ಮ ಜನ ಈ ಸೂಕ್ಷ್ಮಕ್ಕೆಲ್ಲ ತಲೆಕೆಡಿಸಿಕೊಳ್ಳದೆ ‘ಜರ್ಮನ್ ಮಿಷನ್’ ಅಂತ ಕರೆದುಬಿಟ್ಟರು. ‘ಕಾಳಾಮುಖ’ ಅಂತ ಬರೆದ ಕಡೆ ‘ಲಕುಲ’ ಅಂತಲೂ ಬರೆಯುವ ಶಾಸನಗಳನ್ನು ಓದಿ ರೂಢಿ ಇರೋ ನಮಗೆ ಇದೇನೂ ಹೊಸದಲ್ಲ. ಪಂಗಡದ ಹೆಸರು ಒಳಗಿನವರಿಗೊಂದು, ಹೊರಗಿನವರಿಗೊಂದು.

ಭಾರತದಲ್ಲಿ ಲೂಥರನ್ನರು ಇವರಿಗಿಂತ ನೂರು ವರ್ಷ ಹಳಬರು. ತಮಿಳುನಾಡಿನ ತರಂಗಂಬಾಡಿಗೆ ಸೀಗನ್‌ಬಾಲ್ಗ್ ಬಂದಿಳಿದದ್ದು 1706ರಲ್ಲಿ. ಆದರೆ ಅದು ಡೇನರ ಕೋಟೆ. ಈಸ್ಟ್ ಇಂಡಿಯಾ ಕಂಪನಿಯ ನೆಲದಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೆ ದಾರಿ ತೆರೆದದ್ದು 1833ರ ಚಾರ್ಟರ್ ಕಾಯಿದೆ. ಮಾರನೇ ವರ್ಷವೇ, 1834ರ ಅಕ್ಟೋಬರ್‌ನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಕೊಡಗಿನ ಅರಸೊತ್ತಿಗೆ ಬಿದ್ದು ಕಂಪನಿಯ ಕೈಸೇರಿದ್ದೂ ಅದೇ ವರ್ಷ.

ಸಭೆ ಸೇರೋದು ಅಂದರೆ ಏನು ಕಳಕೊಳ್ಳೋದು

ಮಂಗಳೂರಿನ ಸಭೆಯ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಪಾದ್ರಿಗಳ ಹೆಸರಿನ ಪಟ್ಟಿ ಕೊಟ್ಟು ಮುಗಿಸ್ತಾರೆ. ಶಾಸನದಲ್ಲಿ ರಾಜನ ಬಿರುದಾವಳಿ ಮಾತ್ರ ಓದಿ, ದಾನದ ಗದ್ದೆ ಉಳುತ್ತಿದ್ದವನ ಸಾಲನ್ನು ಬಿಟ್ಟ ಹಾಗೆ. ಆ ಸಾಲನ್ನು ಓದೋಣ.

ಸಭೆ ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಹಲವರ ಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸೋದು. ಬದುಕು ಧಣಿಗಳ ಭೂಮಿಯ ಗೇಣಿಯ ಮೇಲೆ. ದೀಕ್ಷಾಸ್ನಾನ ಆಯ್ತು ಅಂದರೆ ಮಿಷನ್ನಿನ ಶಿಸ್ತಿನ ಪ್ರಕಾರ ಮೂರ್ತೆ ಬಿಡಬೇಕು. ಇತ್ತ ಧಣಿ ಗೇಣಿ ಬಿಡಿಸಬಹುದು. ಊರಿನ ಭೂತದ ಕೋಲದಲ್ಲಿ ಪಾಲಿಲ್ಲ ಅಂದಮೇಲೆ ಊರಿನಲ್ಲೂ ಪಾಲಿಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರೋದು. ಜಾತಿ ಬಿಟ್ಟವರಿಗೆ ಅದರ ಹಕ್ಕೂ ತಪ್ಪುವ ಭಯ. ಧರ್ಮ ಬದಲಿಸಿದ ಕಾರಣಕ್ಕೆ ಆಸ್ತಿ ಹಕ್ಕು ಹೋಗಬಾರದು ಅನ್ನೋ ಕಾಯಿದೆ ಕಂಪನಿ ಸರ್ಕಾರ ತಂದದ್ದು 1850ರಲ್ಲಿ. ಸಭೆ ಶುರುವಾಗಿ ಹದಿನಾರು ವರ್ಷ ಆಗಿತ್ತು. ಅಷ್ಟೂ ವರ್ಷ ಸೇರಿದವರು ಆ ರಕ್ಷಣೆಯೂ ಇಲ್ಲದೆ ಸೇರಿದವರು.

ಮೇಲುಜಾತಿಯ ಕಡೆಯಿಂದಲೂ ಒಂದು ದೊಡ್ಡ ಪ್ರಕರಣ ಆಯ್ತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಯುವಕ, ಇನ್ನಿಬ್ಬರು ಗೆಳೆಯರ ಜೊತೆ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದ. ಪಟ್ಟಣದಲ್ಲಿ ಗಲಾಟೆಯೋ ಗಲಾಟೆ. ಆತ ಹರ್ಮನ್ ಆನಂದರಾವ್ ಕೌಂಡಿನ್ಯನಾಗಿ, ಹರ್ಮನ್ ಮೋಗ್ಲಿಂಗ್ ಜೊತೆ 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದ. ಹೊಸ ಹೆಸರಿನಲ್ಲಿ ‘ಹರ್ಮನ್’ ಬಂತು, ಆದರೆ ಗೋತ್ರದ ‘ಕೌಂಡಿನ್ಯ’ ಹೋಗಲಿಲ್ಲ ಅನ್ನೋದನ್ನು ಗಮನಿಸಿ. ಇದಕ್ಕೆ ಮತ್ತೆ ಬರ್ತೀನಿ.

ಈಗ ಹೆಂಚಿಗೆ ವಾಪಸ್ ಬನ್ನಿ. ಕಸುಬು, ಗೇಣಿ, ಮನೆ ಮೂರನ್ನೂ ಕಳಕೊಂಡು ಬಂದವರಿಗೆ ಪ್ರಾರ್ಥನೆಯಿಂದ ಹೊಟ್ಟೆ ತುಂಬಲ್ಲ. ಮಿಷನ್ ಮೊದಲು ವ್ಯವಸಾಯ, ಸಣ್ಣಪುಟ್ಟ ಕಸುಬು ಪ್ರಯತ್ನಿಸಿತು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1851ರಿಂದ ಹಾಲರ್ ಎಂಬುವರ ಕೈಯಲ್ಲಿ ನೇಯ್ಗೆ ಬೆಳೆಯಿತು. ಖಾಕಿ ಬಣ್ಣಕ್ಕೆ ಹೆಸರಾದ ನೇಯ್ಗೆ ಅದೇ. 1865ರಲ್ಲಿ ಹೆಂಚು. ಅಂದರೆ ಆ ಹೆಂಚಿನ ಹಿಂದಿದ್ದದ್ದು ವ್ಯಾಪಾರಬುದ್ಧಿ ಮಾತ್ರ ಅಲ್ಲ. ಊರು ಕೈಬಿಟ್ಟವರಿಗೆ ಕೂಲಿ ಕೊಡಲೇಬೇಕಾದ ಇಕ್ಕಟ್ಟು. ಇದಕ್ಕೆ ಇನ್ನೊಂದು ಮುಖವೂ ಇದೆ, ಮುಚ್ಚಿಡಬಾರದು. ಧಣಿಯ ಹಂಗು ಬಿಟ್ಟು ಬಂದವನಿಗೆ ಪಾದ್ರಿಯೇ ಧಣಿಯಾದ. ಭಾನುವಾರ ಉಪದೇಶ ಹೇಳುವ ಸಂಸ್ಥೆಯೇ ಸೋಮವಾರ ಹಾಜರಿ ತೆಗೆಯುತ್ತಿತ್ತು. ಸಭೆಯೊಳಗಿನ ಶಿಸ್ತು, ಕಾರ್ಖಾನೆಯ ಶಿಸ್ತು ಎರಡೂ ಒಂದೇ ಕೈಯಲ್ಲಿ. ಹೆಂಚಿನ ಮೇಲೆ ಸಂಸ್ಥೆಯ ಹೆಸರಿದೆ, ಸಂಸ್ಥೆ ಹುಟ್ಟಿದ ವರ್ಷ ಇದೆ. ಮಣ್ಣು ತುಳಿದವರ ಹೆಸರಿಲ್ಲ.

1862ರಲ್ಲಿ ಬಲ್ಮಠದಲ್ಲಿ ಶಾಂತಿ ಚರ್ಚ್ ಆಯ್ತು. ಮಂಗಳೂರಿಗೆ ಹೋದವರು ಇವತ್ತಿಗೂ ನೋಡಬಹುದು.

ಕೊಡಗಿನ ಆನಂದಪುರ

ಸಭೆಯ ಇನ್ನೊಂದು ಕವಲು ಕೊಡಗಿಗೆ ಹೋಯ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ, ಬಿಬ್ಲಿಯೊಥೆಕಾ ಕರ್ನಾಟಿಕಾ ಹೆಸರಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸಿದ ಮೋಗ್ಲಿಂಗ್, ಅಲ್ಮಂಡ ಸೋಮಯ್ಯ ಅನ್ನೋ ಕೊಡವ ಕ್ರೈಸ್ತನಾದ ಮೇಲೆ 1853ರಲ್ಲಿ ಕೊಡಗಿಗೆ ಹೋದ. ಅಲ್ಲಿ ಭೂಮಿಗೆ ಅಂಟಿಕೊಂಡ ಹೊಲೆಯರು ಜಮ್ಮಾ ಒಕ್ಕಲುಗಳ ಜೀತದಲ್ಲಿದ್ದರು. 1843ರ ಕಾಯಿದೆ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂತ ಹೇಳಿತ್ತು ನಿಜ. ಆದರೆ ಕಾಯಿದೆ ಬರೆದ ಕಾಗದ ಗದ್ದೆಬದುವಿಗೆ ಬರೋಕೆ ಕಾಲ ಬೇಕು. ಬಿಟ್ಟುಹೋಗಬಹುದು ಅಂದರೂ ಎಲ್ಲಿಗೆ ಹೋಗೋದು? ಅವರಿಗಾಗಿ ಮೋಗ್ಲಿಂಗ್ ಕಟ್ಟಿದ ಊರು ಆನಂದಪುರ. ಕಾಡು ಕಡಿದು, ಕಾಫಿ ಹಾಕಿ, ಮನೆ ಕಟ್ಟಿಕೊಂಡ ಸಣ್ಣ ಸಭೆ. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಮರಳಿದ. ಊರು ಉಳಿಯಿತು.

ಅಗ್ರಹಾರ ಬಿಟ್ಟ ಶಾಸನ ನಾವು ನೂರಾರು ಓದಿದ್ದೀವಿ. ಇಂಥ ಊರು, ಇಂತಿಷ್ಟು ವೃತ್ತಿ, ನಾಲ್ಕು ಎಲ್ಲೆ, ಕೊನೆಗೆ ಶಾಪಾಶಯ. ಜೀತ ಬಿಟ್ಟು ಬಂದವರಿಗಾಗಿ ಕಟ್ಟಿದ ಊರಿಗೆ ಅಂಥ ಕಲ್ಲು ಯಾರೂ ನೆಡಲಿಲ್ಲ. ಆ ಊರಿನ ಶಾಸನ ಅಂದರೆ ಸಭೆಯ ರಿಜಿಸ್ಟರ್: ದೀಕ್ಷಾಸ್ನಾನ, ಮದುವೆ, ಮರಣ. ಹೆಸರು ಬರೆಯುವಷ್ಟು ಲೆಕ್ಕಕ್ಕೆ ಯಾರೂ ಇಟ್ಟಿರದ ಮನುಷ್ಯರ ಹೆಸರು, ತಂದೆಯ ಹೆಸರು, ವಯಸ್ಸು ಬರಹಕ್ಕೆ ಬಂದದ್ದು ಅಲ್ಲಿ.

ಕಿಟ್ಟೆಲ್ ಓದಿದ ಮೂರು ಕಲ್ಲುಗಳು

ಕಿಟ್ಟೆಲ್ ಅಂದರೆ ನಮಗೆಲ್ಲ ನಿಘಂಟು. 1853ರಲ್ಲಿ ಬಂದ ಬಾಸೆಲ್ ಮಿಷನರಿ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ಎಪ್ಪತ್ತು ಸಾವಿರ ಪದಗಳ ನಿಘಂಟು. ಆದರೆ ಆತ ಶಾಸನವನ್ನೂ ಓದಿದ್ದ ಅನ್ನೋದು ನಮ್ಮ ಬಳಗದಲ್ಲೂ ಎಷ್ಟೋ ಜನರ ಗಮನಕ್ಕೆ ಬಂದಿಲ್ಲ. ಮಡಿಕೇರಿಯಲ್ಲಿ ಇದ್ದಾಗ ಕೊಡಗಿನ ಮೂರು ಕಲ್ಲುಗಳನ್ನು ಓದಿ 1877ರ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ. ಗಂಗರನ್ನು ಆಗಿನ ವಿದ್ವಾಂಸರು ‘ಕೊಂಗು’ ಅರಸರು ಅಂತ ಕರೆಯುತ್ತಿದ್ದರು. ಕಿಟ್ಟೆಲ್ ಕೂಡ ಹಾಗೇ ಕರೆದ. ರೈಸ್ ಅವರ ಕೊಡಗಿನ ಸಂಪುಟ ಬಂದದ್ದು ಅದಾಗಿ ಒಂಬತ್ತು ವರ್ಷಕ್ಕೆ, 1886ರಲ್ಲಿ.

ಬಿಳಿಯೂರಿನ ಕಲ್ಲು ಶಕ 809ರದ್ದು. ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯು ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿ ದೇವರಿಗೆ ಬಿಳಿಯೂರ ಹನ್ನೆರಡು ಹಳ್ಳಿಗಳನ್ನು ಬಿಟ್ಟದ್ದು. ಪೆಗ್ಗೂರಿನದ್ದು ಶಕ 899ರದ್ದು. ರಾಚಮಲ್ಲನ ಕಾಲ, ರಕ್ಕಸನ ಹೆಸರು ಇರುವಂಥದ್ದು. ದಾನ ಪಡೆದವರು ಶ್ರವಣಬೆಳಗೊಳದ ಅನಂತವೀರ್ಯಯ್ಯ. ಜೈನ ಮುನಿಗೆ ಗಂಗ ಅರಸ ಕೊಟ್ಟ ದಾನ, ಓದಿದವನು ಲೂಥರನ್ ಹಿನ್ನೆಲೆಯ ಪಾದ್ರಿ. ತನ್ನದಲ್ಲದ ದೇವರ ಹೆಸರನ್ನು ಒಂದಕ್ಷರ ತಪ್ಪದೆ ಓದಬೇಕು ಅನ್ನೋ ಶ್ರದ್ಧೆ ಇದೆಯಲ್ಲ, ನಮ್ಮ ಹವ್ಯಾಸಕ್ಕೆ ಬೇಕಾದ ಮೊದಲ ಅರ್ಹತೆ ಅದೇ ಅಂತ ನನಗನ್ನಿಸುತ್ತೆ.

ಇದಕ್ಕೂ ಕಡೂರಿಗೂ ಒಂದು ಕೊಂಡಿ ಇದೆ. ಕಡೂರಿನ ಕಂಬದ ಪಾಂಬಬ್ಬೆ ಗಂಗ ಬೂತುಗನ ಅಕ್ಕ. ತಲೆ ಬೋಳಿಸಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡವಳು. ಶಕ 899 ಅಂದರೆ 977–78. ಅಂದರೆ ಪೆಗ್ಗೂರಿನ ಕಲ್ಲು ಪಾಂಬಬ್ಬೆಯ ಕಂಬಕ್ಕಿಂತ ಆರೇಳು ವರ್ಷ ಮಾತ್ರ ಚಿಕ್ಕದು. ಮನೆತನ ಅದೇ, ಧರ್ಮ ಅದೇ, ಲಿಪಿ ಅದೇ. ಹೆಂಚಿನ ಜಾಡು ಹಿಡಿದು ಘಟ್ಟ ಇಳಿದು ಕೊಡಗು ಹತ್ತಿದರೆ ಕೊನೆಗೆ ಕಡೂರಿಗೇ ಬಂದು ಮುಟ್ಟಿದ್ದು ನನಗಂತೂ ಸೋಜಿಗ.

ಸಮಾಧಿ ಕಲ್ಲೂ ಶಾಸನವೇ

ಹಳೇ ಬಾಸೆಲ್ ಮಿಷನ್ ಸಭೆಗಳ ಜನರ ಅಡ್ಡಹೆಸರು ನೋಡಿ: ಬಂಗೇರ, ಕುಂದರ್, ಸಾಲಿನ್ಸ್, ಅಮ್ಮನ್ನ, ಕರ್ಕಡ. ಇವುಗಳಲ್ಲಿ ಹಲವು ತುಳುನಾಡಿನ ಬರಿಗಳ ಹೆಸರು. ಮೊದಲ ಹೆಸರು ಬೈಬಲ್‌ನಿಂದ ಬಂತು, ಹಿಂದಿನದು ತಾಯಿಯ ಮನೆಯಿಂದ ಬಂದು ಹಾಗೇ ಉಳಿಯಿತು. ಕೌಂಡಿನ್ಯನದ್ದೂ ಇದೇ ಕಥೆ ಅಂತ ಹೇಳಿದ್ದೆನಲ್ಲ. ಆಸ್ತಿ ಹೋದರೂ, ಊರು ಹೋದರೂ, ಬರಿಯ ಹೆಸರನ್ನು ಬಿಡಲಿಲ್ಲ. ಇಂಥ ಸಾಕ್ಷಿ ಸಿಗೋದು ರಿಜಿಸ್ಟರಿನಲ್ಲಿ ಮತ್ತು ಸಮಾಧಿ ಕಲ್ಲಿನಲ್ಲಿ. 1947ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು, ಕರಾವಳಿಯ ಈ ಸಭೆಗಳಲ್ಲಿ ಹಲವು ಅದರಲ್ಲಿ ಸೇರಿದವು. ಕಡೂರು ಕಡೆಯ ವೆಸ್ಲಿಯನ್ ಪರಂಪರೆಯವರೂ ಸೇರಿದ್ದು ಅದಕ್ಕೇ. ಗಡಿ ಅಳಿಸಿತು, ‘ಜರ್ಮನ್ ಮಿಷನ್’ ಅನ್ನೋ ಮಾತು ಹಳಬರ ಬಾಯಲ್ಲಿ ಉಳಿಯಿತು. ಹಾಗಾಗಿ ಹಳೇ ಸಭೆಯ ಗುರುತು ಈಗ ಬೋರ್ಡಿನಲ್ಲಿ ಸಿಗಲ್ಲ, ಕಲ್ಲಿನಲ್ಲೇ ಹುಡುಕಬೇಕು.

ಆದರೆ ಆ ಕಲ್ಲುಗಳ ಗತಿ ಏನು? ಕೆಲವು ವರ್ಷದ ಹಿಂದೆ ಒಂದು ಹಳೇ ಸ್ಮಶಾನದಲ್ಲಿ ಕನ್ನಡ ಅಕ್ಷರದ ಕಲ್ಲೊಂದನ್ನು ನೋಡಿದ್ದೆ. ‘ಇದು ಹೊಸದು, ನೂರೈವತ್ತು ವರ್ಷವೂ ಆಗಿಲ್ಲ’ ಅಂತ ಫೋಟೋ ಕೂಡ ತೆಗೆಯದೆ ಪಕ್ಕದ ವೀರಗಲ್ಲಿಗೆ ಹೋದೆ. ಮತ್ತೆ ಹೋದಾಗ ಅಲ್ಲಿ ಸಿಮೆಂಟಿನ ಕಾಲುದಾರಿ ಆಗಿತ್ತು. ಕಲ್ಲು ಅದರ ಅಡಿಯಲ್ಲಿದೆಯೋ, ಬೇರೆಲ್ಲಿಗೋ ಹೋಯಿತೋ, ಕೇಳಿದರೆ ಹೇಳುವವರಿಲ್ಲ. ದಾರಿ ಮಾಡಿಸಿದವರನ್ನು ನಾನು ಬೈಯಲಾರೆ. ಅವರಿಗೆ ಅದು ಮುರಿದ ಕಲ್ಲು. ಅದು ಶಾಸನ ಅಂತ ಗೊತ್ತಿದ್ದವನು ನಾನೊಬ್ಬನೇ, ನಾನೇ ಅದನ್ನು ಶಾಸನ ಅಂತ ಲೆಕ್ಕಕ್ಕೆ ತಗೊಳ್ಳಲಿಲ್ಲ. ಆ ಕಲ್ಲಿನ ಮೇಲೆ ಒಬ್ಬ ಹೆಂಗಸಿನ ಹೆಸರಿತ್ತು ಅನ್ನೋದಷ್ಟೇ ನೆನಪು. ಹೆಸರೇನು ಅನ್ನೋದು ನೆನಪಿಲ್ಲ.

ಪಾಂಬಬ್ಬೆಯ ಹೆಸರು ಸಾವಿರ ವರ್ಷ ಉಳಿದದ್ದು ಅವಳು ಅರಸನ ಅಕ್ಕ ಆಗಿದ್ದಕ್ಕೆ ಮಾತ್ರ ಅಲ್ಲ, ಯಾರೋ ಒಬ್ಬರು ಆ ಕಂಬದ ಮುಂದೆ ನಿಂತು ಅಕ್ಷರ ಬರೆದುಕೊಂಡಿದ್ದಕ್ಕೆ. ಅದಕ್ಕೇ ನನ್ನ ಕೋರಿಕೆ ಇಷ್ಟು. ನಿಮ್ಮೂರಿನ ಹಳೇ ಚರ್ಚಿನ ಅಂಗಳ, ಸ್ಮಶಾನಕ್ಕೆ ಹೋದಾಗ ಮೊದಲು ಸಭೆಯ ಹಿರಿಯರ ಅನುಮತಿ ಕೇಳಿ. ಅದು ಅವರ ಮನೆಯವರ ಜಾಗ, ನಮ್ಮ ಪ್ರದರ್ಶನಕ್ಕಲ್ಲ. ಕಲ್ಲಿಗೆ ಸೀಮೆಸುಣ್ಣ ತಿಕ್ಕಬೇಡಿ, ಆಸಿಡ್ ಹಾಕಬೇಡಿ. ಸಂಜೆಯ ಓರೆ ಬೆಳಕು ಅಥವಾ ಪಕ್ಕದಿಂದ ಹಿಡಿದ ಟಾರ್ಚ್ ಸಾಕು. ಹೆಸರು, ಬರಿ, ಊರು, ತಾರೀಖು, ಸಾಲುಗಳನ್ನು ಕಲ್ಲಿನಲ್ಲಿ ಇರುವ ಹಾಗೇ ಬರೆದುಕೊಳ್ಳಿ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ಕಲ್ಲು ಯಾವ ಕಡೆಗೆ ಮುಖ ಮಾಡಿದೆ, ಯಾವ ಕಲ್ಲಿನ ಪಕ್ಕ ಇದೆ ಅನ್ನೋದನ್ನೂ ಸೇರಿಸಿ. ಹೆಂಚು ಸಿಕ್ಕಿದರೆ ಹಿಂಬದಿಯ ಫೋಟೋ, ಮನೆಯ ಜಾಗ, ಅದರ ಜೊತೆ ಬೇರೆ ಯಾವ ಕಂಪನಿಯ ಹೆಂಚಿತ್ತು ಅನ್ನೋದು. ಒಂದು ಹೆಂಚು ಏನೂ ಹೇಳಲ್ಲ, ನೂರು ಹೆಂಚು ಸೇರಿದರೆ ಘಟ್ಟ ಹತ್ತಿದ ದಾರಿಯನ್ನೇ ಹೇಳುತ್ತೆ.

ಅಜ್ಜಂಪುರದ ಆ ಮನೆಯವರಿಗೆ ಅವತ್ತು ನಿಜ ಹೇಳಿದೆ. ಮನೆ 1865ರದ್ದು ಅಂತ ಈ ಹೆಂಚಿನಿಂದ ಹೇಳೋಕಾಗಲ್ಲ, ಇಲ್ಲಿ ಸಭೆ ಇತ್ತು ಅಂತಲೂ ಹೇಳೋಕಾಗಲ್ಲ ಅಂದೆ. ಮುಖ ಸ್ವಲ್ಪ ಬಾಡಿತು. ಆಮೇಲೆ ಜೆಪ್ಪುವಿನ ಕಥೆ, ಮೂರ್ತೆ ಬಿಟ್ಟು ಬಂದವರ ಕಥೆ ಹೇಳಿದೆ. ಮನೆಯ ಅಜ್ಜಿ ಹೆಂಚನ್ನು ಕೈಗೆ ತಗೊಂಡು, "ಪಾಪ, ಯಾರು ಮಾಡಿದ್ದೋ, ನಮ್ಮನ್ನ ಮಳೆಯಿಂದ ಕಾದದ್ದು ಮಾತ್ರ ದಿಟ" ಅಂದರು. ಬಿಚ್ಚಿದ ಹೆಂಚುಗಳಲ್ಲಿ ಒಡೆಯದ ಹತ್ತನ್ನು ತೊಳೆದು ಅಟ್ಟದ ಮೇಲೆ ಇಟ್ಟಿದ್ದಾರೆ.